ಹೋಗೋಣ ಅಂತಲೂ ಹೇಳಲಿಲ್ಲ, ಇರೋಣ ಅಂತಲೂ ಹೇಳಲಿಲ್ಲ: ಬ್ರೆಕ್ಸಿಟ್ ಕಾಲದ ಲೇಬರ್ ಪಕ್ಷ

ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯದಲ್ಲಿ ಲೇಬರ್ ಪಕ್ಷದ ನಿಲುವು ಏನು? 2016ರಿಂದ 2019ರವರೆಗೆ ಬ್ರಿಟನ್ನಿನ ಪತ್ರಕರ್ತರು ಈ ಪ್ರಶ್ನೆ ಕೇಳಿ ಕೇಳಿ ಸುಸ್ತಾದರು. ಯಾರು ಕೇಳಿದರು, ಯಾರನ್ನು ಕೇಳಿದರು, ಯಾವ ತಿಂಗಳಲ್ಲಿ ಕೇಳಿದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತಿತ್ತು. ಇದನ್ನು ಗೊಂದಲ ಅಂತ ನಕ್ಕವರಿದ್ದಾರೆ, ಹೇಡಿತನ ಅಂತ ಬೈದವರೂ ಇದ್ದಾರೆ. ನನಗೆ ಕಾಣುವುದು ಬೇರೆ. ಅದು ಬೇಕೆಂದೇ ಹಾಕಿದ ಲೆಕ್ಕ. ಒಂದು ಚುನಾವಣೆಯಲ್ಲಿ ಆ ಲೆಕ್ಕ ಚೆನ್ನಾಗಿಯೇ ಕೆಲಸ ಮಾಡಿತು. ಎರಡೂವರೆ ವರ್ಷದ ನಂತರದ ಚುನಾವಣೆಯಲ್ಲಿ ಅದೇ ಲೆಕ್ಕ ಪಕ್ಷವನ್ನು ನೆಲಕ್ಕೆ ಕೆಡವಿತು.

ಎರಡು ಲೆಕ್ಕ, ಎರಡು ಉತ್ತರ

2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಐರೋಪ್ಯ ಒಕ್ಕೂಟದಿಂದ ಹೊರಗೆ ಹೋಗೋಣ ಎಂದವರು ಶೇ 51.9. ಒಳಗೇ ಇರೋಣ ಎಂದವರು ಶೇ 48.1. ಆಗ ಪ್ರಧಾನಿಯಾಗಿದ್ದವರು ಕನ್ಸರ್ವೇಟಿವ್ ಪಕ್ಷದ ಡೇವಿಡ್ ಕ್ಯಾಮರಾನ್. ವಿರೋಧ ಪಕ್ಷವಾದ ಲೇಬರ್‌ನ ನಾಯಕ ಜೆರೆಮಿ ಕಾರ್ಬಿನ್. ಲೇಬರ್ ಅಧಿಕೃತವಾಗಿ 'ಇರೋಣ' ಎನ್ನುವ ಕಡೆ ಪ್ರಚಾರ ಮಾಡಿತ್ತು, ಸೋತಿತ್ತು.

ಫಲಿತಾಂಶವನ್ನು ಲೇಬರ್ ಎರಡು ರೀತಿ ಓದಬಹುದಿತ್ತು. ಮತದಾರರನ್ನು ಎಣಿಸಿದರೆ ಒಂದು ಉತ್ತರ. ಲೇಬರ್‌ಗೆ ಮತ ಹಾಕುತ್ತಿದ್ದವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಜನ 'ಇರೋಣ' ಎಂದಿದ್ದರು. ಕ್ಷೇತ್ರಗಳನ್ನು ಎಣಿಸಿದರೆ ಉತ್ತರ ತಿರುಗಿಬಿಡುತ್ತದೆ. ಲೇಬರ್ ಗೆದ್ದಿದ್ದ ಕ್ಷೇತ್ರಗಳಲ್ಲಿ ಸುಮಾರು ಶೇ 60ರಷ್ಟು 'ಹೋಗೋಣ' ಎಂದಿದ್ದವು ಎಂಬುದು ಚುನಾವಣಾ ತಜ್ಞರ ಅಂದಾಜು.

ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ? ನಮ್ಮಲ್ಲಿ ಇರುವ ಹಾಗೆಯೇ ಅಲ್ಲಿಯೂ ಒಂದು ಕ್ಷೇತ್ರಕ್ಕೆ ಒಬ್ಬ ಸಂಸದ. ಯಾರಿಗೆ ಜಾಸ್ತಿ ಮತವೋ ಅವರೇ ಗೆದ್ದ ಹಾಗೆ. ಹಾಗಾಗಿ ಮತ ಎಷ್ಟು ಬಿತ್ತು ಎನ್ನುವಷ್ಟೇ ಎಲ್ಲಿ ಬಿತ್ತು ಎನ್ನುವುದೂ ಮುಖ್ಯ. 'ಇರೋಣ' ಎಂದ ಲೇಬರ್ ಮತದಾರರು ಲಂಡನ್, ಮ್ಯಾಂಚೆಸ್ಟರ್, ಬ್ರಿಸ್ಟಲ್‌ನಂಥ ದೊಡ್ಡ ನಗರಗಳಲ್ಲಿ ಮತ್ತು ಯೂನಿವರ್ಸಿಟಿ ಇರುವ ಊರುಗಳಲ್ಲಿ ಒತ್ತೊತ್ತಾಗಿದ್ದರು. ಲಂಡನ್ನಿನ ಹ್ಯಾಕ್ನಿಯಲ್ಲಿ ಶೇ 78ಕ್ಕಿಂತ ಹೆಚ್ಚು ಜನ 'ಇರೋಣ' ಎಂದಿದ್ದರು. ಅಂಥ ಕಡೆ ಲೇಬರ್ ಹೇಗಿದ್ದರೂ ಗೆಲ್ಲುತ್ತದೆ. ಮೂವತ್ತು ಸಾವಿರದಿಂದ ಗೆದ್ದರೂ ಒಂದೇ ಸೀಟು, ಮುನ್ನೂರರಿಂದ ಗೆದ್ದರೂ ಒಂದೇ ಸೀಟು. 'ಹೋಗೋಣ' ಎಂದವರು ಉತ್ತರ ಇಂಗ್ಲೆಂಡ್ ಮತ್ತು ಮಿಡ್‌ಲ್ಯಾಂಡ್ಸ್‌ನ ಹಳೆಯ ಗಣಿ ಊರುಗಳಲ್ಲಿ, ಮುಚ್ಚಿದ ಕಾರ್ಖಾನೆಗಳ ಪಟ್ಟಣಗಳಲ್ಲಿ ಹರಡಿಕೊಂಡಿದ್ದರು. ಡಾನ್‌ಕಾಸ್ಟರ್, ಸ್ಟೋಕ್-ಆನ್-ಟ್ರೆಂಟ್ ಎರಡರಲ್ಲೂ ಸುಮಾರು ಶೇ 69 ಜನ 'ಹೋಗೋಣ' ಎಂದಿದ್ದರು. ಇವೆಲ್ಲ ತಲೆಮಾರುಗಳಿಂದ ಲೇಬರ್‌ನ ಮನೆಗಳು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದನ್ನು ಜನ ಮರೆಯುತ್ತಾರೆ. 'ಹೋಗೋಣ' ಎಂದ ಕ್ಷೇತ್ರದಲ್ಲಿ ಕೂಡ ಲೇಬರ್‌ಗೆ ಮತ ಹಾಕುವವರಲ್ಲಿ ಹಲವು ಕಡೆ ಹೆಚ್ಚಿನವರು 'ಇರೋಣ' ಎಂದವರೇ. ಹಾಗಾಗಿ ಡಾನ್‌ಕಾಸ್ಟರ್‌ನ ಸಂಸದರೊಬ್ಬರು 'ಹೋಗೋಣ' ಎನ್ನುವವರ ಪರ ಗಟ್ಟಿಯಾಗಿ ನಿಂತರೆ ಸ್ವಂತ ಮತದಾರರಲ್ಲೇ ಅರ್ಧಕ್ಕರ್ಧ ಜನ ಮುನಿಸಿಕೊಳ್ಳಬಹುದು. ಎದುರು ನಿಂತರೆ ಉಳಿದರ್ಧ ಹೋಗುತ್ತದೆ. ಯಾವ ಕಡೆ ವಾಲಿದರೂ ನಷ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದಾರಿಯನ್ನು ಲೇಬರ್ ಹಿಡಿದದ್ದು ಈ ಭಯಕ್ಕೆ.

ಕಾರ್ಬಿನ್ ಎಂಬ ಒಗಟು

ಕಾರ್ಬಿನ್ ಅವರ ಮನಸ್ಸಿನಲ್ಲಿ ಏನಿತ್ತು? 1975ರಲ್ಲಿ ಬ್ರಿಟನ್ ಇದೇ ಪ್ರಶ್ನೆಯ ಮೇಲೆ ಮೊದಲ ಜನಮತಗಣನೆ ನಡೆಸಿದಾಗ ಅವರು ಹೊರಬರುವ ಕಡೆ ಮತ ಹಾಕಿದ್ದರು. ಸಂಸದರಾದ ಮೇಲೆ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ವಿರೋಧಿಸಿದರು, ಅದನ್ನು ಬಲಪಡಿಸಿದ ಲಿಸ್ಬನ್ ಒಪ್ಪಂದವನ್ನೂ ವಿರೋಧಿಸಿದರು. ಐರೋಪ್ಯ ಒಕ್ಕೂಟ ಎಂದರೆ ದೊಡ್ಡ ಬಂಡವಾಳದವರ ಕೂಟ, ಸಮಾಜವಾದಿ ಸರ್ಕಾರಕ್ಕೆ ಅದು ಕೈಕೋಳ ಎನ್ನುವುದು ಲೇಬರ್‌ನ ಎಡಪಂಥೀಯರ ಹಳೆಯ ವಾದ. 1983ರ ಪ್ರಣಾಳಿಕೆಯಲ್ಲಿ ಲೇಬರ್ ಪಕ್ಷವೇ ಹೊರಬರುವ ಭರವಸೆ ಕೊಟ್ಟಿತ್ತು. 2016ರ ಪ್ರಚಾರದ ಹೊತ್ತಿನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಒಕ್ಕೂಟದ ಬಗ್ಗೆ ನಿಮ್ಮ ಉತ್ಸಾಹಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಕಾರ್ಬಿನ್ ಕೊಟ್ಟದ್ದು ಏಳು, ಏಳೂವರೆ. ಪ್ರಾಮಾಣಿಕ ಉತ್ತರವೇ ಇರಬೇಕು. ಆದರೆ ಪ್ರಚಾರಕ್ಕೆ ಹೊರಟ ನಾಯಕ ಹೇಳುವ ಮಾತು ಅದಲ್ಲ ಅಲ್ವಾ?

ಸ್ವಾರಸ್ಯ ಇರುವುದು ಮುಂದೆ. 2015ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದ್ದು ಪಕ್ಷದ ಸಾಮಾನ್ಯ ಸದಸ್ಯರು. ಸರ್ಕಾರಿ ಖರ್ಚಿನ ಕಡಿತದಿಂದ ರೋಸಿಹೋಗಿದ್ದ ನಗರದ ಯುವಕ ಯುವತಿಯರು ಅವರಲ್ಲಿ ಬಹಳ. ಈ ಸದಸ್ಯರೇ ದೇಶದಲ್ಲಿ ಅತಿ ಗಟ್ಟಿಯಾಗಿ 'ಇರೋಣ' ಎನ್ನುತ್ತಿದ್ದ ಗುಂಪುಗಳಲ್ಲಿ ಒಂದು. ಅಂದರೆ ಒಕ್ಕೂಟದ ಮೇಲೆ ಅಷ್ಟೇನೂ ಪ್ರೀತಿ ಇಲ್ಲದ ನಾಯಕ, ಒಕ್ಕೂಟವನ್ನು ಪ್ರೀತಿಸುವ ಕಾರ್ಯಕರ್ತರು, ಮಧ್ಯೆ ಎರಡು ಪಾಲಾದ ಕ್ಷೇತ್ರಗಳು.

ಜನಮತಗಣನೆ ಮುಗಿದ ಮೂರೇ ದಿನಕ್ಕೆ ಇದು ಸಿಡಿಯಿತು. ಬ್ರಿಟನ್ನಿನಲ್ಲಿ ವಿರೋಧ ಪಕ್ಷ ತನ್ನದೇ ಒಂದು 'ನೆರಳು ಸಂಪುಟ' ಇಟ್ಟುಕೊಳ್ಳುತ್ತದೆ. ಒಬ್ಬೊಬ್ಬ ಮಂತ್ರಿಗೂ ಎದುರಾಳಿಯಾಗಿ ಒಬ್ಬೊಬ್ಬ ಸಂಸದ. ಆ ಸಂಪುಟದಿಂದ ಹಿಲರಿ ಬೆನ್ ಅವರನ್ನು ಕಾರ್ಬಿನ್ ತೆಗೆದರು. ಕೂಡಲೇ ಹಲವರು ರಾಜೀನಾಮೆ ಕೊಟ್ಟರು. 172 ಲೇಬರ್ ಸಂಸದರು ಸ್ವಂತ ನಾಯಕನ ಮೇಲೆ ಅವಿಶ್ವಾಸ ಸೂಚಿಸಿದರು, ಜೊತೆಗೆ ನಿಂತವರು 40. ಕಾರ್ಬಿನ್ ಕದಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಸದಸ್ಯರು ಅವರನ್ನೇ ಮತ್ತೆ ಆರಿಸಿದರು. (ಹಿಲರಿ ಅವರ ತಂದೆ ಟೋನಿ ಬೆನ್ 1975ರಲ್ಲಿ ಹೊರಬರುವ ಪಂಗಡದ ದೊಡ್ಡ ದನಿ, ಕಾರ್ಬಿನ್‌ಗೆ ಗುರುಸಮಾನ. ಮಗ ತಂದೆಯ ಎದುರು ದಿಕ್ಕಿನವರು.)

ವಿರೋಧ ಪಕ್ಷಕ್ಕೆ ಮೌನ ಯಾಕೆ ಲಾಭ

ಡೇವಿಡ್ ಕ್ಯಾಮರಾನ್ ಹೋಗಿ ತೆರೇಸಾ ಮೇ ಪ್ರಧಾನಿಯಾದರು. ಹೊರಗೆ ಹೋಗುವುದು ಹೇಗೆ ಎನ್ನುವುದನ್ನು ಸರ್ಕಾರ ತೀರ್ಮಾನಿಸಬೇಕಿತ್ತು. ಇದು ಸುಲಭದ ಕೆಲಸವಲ್ಲ. ಒಕ್ಕೂಟದ 'ಸಿಂಗಲ್ ಮಾರ್ಕೆಟ್' ಒಳಗಿದ್ದರೆ ವ್ಯಾಪಾರ ಸಲೀಸು, ಆದರೆ ಒಕ್ಕೂಟದ ಜನ ಬ್ರಿಟನ್ನಿಗೆ ಬಂದು ದುಡಿಯುವ ಹಕ್ಕನ್ನೂ ಒಪ್ಪಬೇಕು. 'ಕಸ್ಟಮ್ಸ್ ಯೂನಿಯನ್' ಒಳಗಿದ್ದರೆ ಗಡಿಯಲ್ಲಿ ಸುಂಕದ ತಲೆನೋವಿಲ್ಲ, ಆದರೆ ಬೇರೆ ದೇಶಗಳ ಜೊತೆ ಸ್ವಂತವಾಗಿ ಸುಂಕದ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ಎರಡರಿಂದಲೂ ಹೊರಬಂದರೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ಗಣರಾಜ್ಯದ ನಡುವಿನ ಗಡಿಯಲ್ಲಿ ತಪಾಸಣೆ ಎಲ್ಲಿ ಮಾಡುವುದು ಎಂಬ ಪ್ರಶ್ನೆ. ದಶಕಗಳ ಹಿಂಸೆ ನಿಂತದ್ದೇ 1998ರ ಒಪ್ಪಂದದಿಂದ. ಅದನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಯಾವ ದಾರಿ ಹಿಡಿದರೂ ಕನ್ಸರ್ವೇಟಿವ್ ಪಕ್ಷದಲ್ಲೇ ಒಂದು ಗುಂಪು ಸಿಡಿದೇಳುತ್ತಿತ್ತು.

ಇಂಥ ಹೊತ್ತಿನಲ್ಲಿ ವಿರೋಧ ಪಕ್ಷ ಸುಮ್ನೆ ಇದ್ದು ನೋಡುವುದರಲ್ಲೇ ಜಾಣತನ ಇದೆ. ಆಳುವವರು ಆರಿಸಲೇಬೇಕು, ಆರಿಸಿದರೆ ಒಡೆಯುತ್ತಾರೆ. ನಾವು ಆರಿಸದಿದ್ದರೆ ಒಟ್ಟಿಗೆ ಇರುತ್ತೇವೆ. ಸರ್ಕಾರ ಬಿದ್ದರೆ ಚುನಾವಣೆ, ಚುನಾವಣೆಯಲ್ಲಿ ಮಾತು ಬ್ರೆಕ್ಸಿಟ್‌ನಿಂದ ಆಸ್ಪತ್ರೆ, ಶಾಲೆ, ಸಂಬಳದ ಕಡೆ ಹೊರಳಿದರೆ ಗೆಲ್ಲಬಹುದು. ಕಾರ್ಬಿನ್ ಮತ್ತು ಅವರ ಆಪ್ತರ ಎಣಿಕೆ ಇಷ್ಟೇ.

ಆದರೂ ಸದನದಲ್ಲಿ ಮತ ಹಾಕಲೇಬೇಕಲ್ಲ. ಹೊರಹೋಗುವ ನೋಟಿಸ್ ಕೊಡುವ ಮಸೂದೆ 2017ರ ಫೆಬ್ರವರಿಯಲ್ಲಿ ಬಂದಾಗ ಲೇಬರ್ ಪರವಾಗಿ ಮತ ಹಾಕುವಂತೆ ಕಟ್ಟುನಿಟ್ಟಿನ ವಿಪ್ ಕೊಟ್ಟಿತು. ಮೊದಲ ದೊಡ್ಡ ಮತದಾನದಲ್ಲೇ 47 ಲೇಬರ್ ಸಂಸದರು ಅದನ್ನು ಮೀರಿದರು. ನಮ್ಮಲ್ಲಾದರೆ ಪಕ್ಷಾಂತರ ನಿಷೇಧ ಕಾನೂನಿದೆ, ವಿಪ್ ಮೀರಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ಹಾಗಿಲ್ಲ. ಪಕ್ಷದ ಹುದ್ದೆ ಹೋಗಬಹುದು, ಸೀಟು ಹೋಗುವುದಿಲ್ಲ. ಮುಂದಿನ ಮೂರು ವರ್ಷದ ಕಥೆ ಅರ್ಥವಾಗಬೇಕಾದರೆ ಇದು ನೆನಪಿರಬೇಕು. ನಾಯಕ ಹೇಳಿದ್ದಕ್ಕೆ ಸಂಸದರು ತಲೆಯಾಡಿಸಲೇಬೇಕೆಂದೇನೂ ಅಲ್ಲಿಲ್ಲ.

ಒಡೆಯದೆ ವಿರೋಧಿಸುವುದಕ್ಕೆ ಒಂದು ಉಪಾಯ ಬೇಕಿತ್ತು. ಅದನ್ನು ಕೊಟ್ಟವರು ಕೀರ್ ಸ್ಟಾರ್ಮರ್. ಆಗ ಅವರು ಬ್ರೆಕ್ಸಿಟ್ ವಿಷಯದ ನೆರಳು ಮಂತ್ರಿ. 2017ರ ಮಾರ್ಚ್‌ನಲ್ಲಿ ಅವರು ಆರು ಪರೀಕ್ಷೆಗಳನ್ನು ಮುಂದಿಟ್ಟರು. ಸರ್ಕಾರ ತರುವ ಒಪ್ಪಂದ ಈ ಆರರಲ್ಲೂ ಪಾಸಾದರೆ ಮಾತ್ರ ನಮ್ಮ ಮತ ಎಂದರು. ಅದರಲ್ಲಿ ಒಂದು, ಸಿಂಗಲ್ ಮಾರ್ಕೆಟ್ ಮತ್ತು ಕಸ್ಟಮ್ಸ್ ಯೂನಿಯನ್‌ನಿಂದ ಈಗ ಸಿಗುವ ಲಾಭವೇ ಯಥಾವತ್ತಾಗಿ ಸಿಗಬೇಕು ಎನ್ನುವುದು. ಹೊರಗೆ ಹೋದ ಮೇಲೂ ಒಳಗಿದ್ದಷ್ಟೇ ಲಾಭ! ಯಾವ ಒಪ್ಪಂದವೂ ಪಾಸಾಗದ ಪರೀಕ್ಷೆ ಇದು. ತಮಾಷೆಯೆಂದರೆ ಈ ಮಾತು ಮೊದಲು ಹೇಳಿದ್ದು ಬ್ರೆಕ್ಸಿಟ್ ಮಂತ್ರಿ ಡೇವಿಡ್ ಡೇವಿಸ್ ಅವರೇ. ಅವರ ಭರವಸೆಯನ್ನೇ ಅವರಿಗೆ ಹಗ್ಗ ಮಾಡಿದ್ದು ಸ್ಟಾರ್ಮರ್ ಅವರ ವಕೀಲಿ ಬುದ್ಧಿ. ಲೇಬರ್‌ಗೆ ಏನು ಬೇಕು ಎಂದು ಹೇಳುವ ಕಷ್ಟವೇ ಇಲ್ಲದೆ ಸರ್ಕಾರ ತಂದದ್ದನ್ನೆಲ್ಲ ಬೇಡ ಎನ್ನಬಹುದಿತ್ತು.

ಫಲ ಕೊಟ್ಟ ಚುನಾವಣೆ

ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದ ಪ್ರಧಾನಿ ಮೇ, ಬಹುಮತ ಹೆಚ್ಚಿಸಿಕೊಳ್ಳಲು ಅವಧಿಗೆ ಮೊದಲೇ ಚುನಾವಣೆ ಕರೆದರು. 2017ರ ಜೂನ್ 8ರಂದು ಇದ್ದ ಬಹುಮತವೂ ಹೋಯಿತು. ಲೇಬರ್‌ಗೆ ಶೇ 40 ಮತ, 262 ಸೀಟು. ಹಿಂದಿಗಿಂತ 30 ಹೆಚ್ಚು.

ಪ್ರಣಾಳಿಕೆಯಲ್ಲಿ ಲೇಬರ್ ಇಬ್ಬರಿಗೂ ಒಂದೊಂದು ಸಾಲು ಬರೆದಿತ್ತು. ಜನಮತಗಣನೆಯ ಫಲಿತಾಂಶ ಒಪ್ಪುತ್ತೇವೆ, ಒಕ್ಕೂಟದವರ ಮುಕ್ತ ಸಂಚಾರ ಕೊನೆಯಾಗುತ್ತದೆ ಎನ್ನುವುದು ಡಾನ್‌ಕಾಸ್ಟರ್‌ಗೆ. ಸಿಂಗಲ್ ಮಾರ್ಕೆಟ್‌ನ ಲಾಭ ಉಳಿಸಿಕೊಳ್ಳುತ್ತೇವೆ, ಒಪ್ಪಂದವಿಲ್ಲದೆ ಹೊರಬೀಳುವುದಿಲ್ಲ ಎನ್ನುವುದು ಲಂಡನ್ನಿಗೆ. ಲಂಡನ್ನಿನ ಶ್ರೀಮಂತ ಬಡಾವಣೆ ಕೆನ್ಸಿಂಗ್ಟನ್ ಅನ್ನು 20 ಮತಗಳಿಂದ ಗೆದ್ದರು. ಕ್ಯಾಂಟರ್‌ಬರಿ ಗೆದ್ದರು. ಆದರೆ ಗಣಿ ಊರು ಮ್ಯಾನ್ಸ್‌ಫೀಲ್ಡ್ ಕೈಬಿಟ್ಟಿತು, ಸ್ಟೋಕ್‌ನ ಮೂರು ಸೀಟುಗಳಲ್ಲಿ ಒಂದು ಹೋಯಿತು. ಒಟ್ಟು ಸೀಟು ಹೆಚ್ಚಿದ ಸಂಭ್ರಮದಲ್ಲಿ ಈ ಸಣ್ಣ ಸೋಲುಗಳನ್ನು ಯಾರೂ ಸರಿಯಾಗಿ ಓದಲಿಲ್ಲ.

ಅಸ್ಪಷ್ಟತೆ ಆಗ ಗೆದ್ದದ್ದಕ್ಕೆ ಕಾರಣ ಲೇಬರ್‌ನ ಹೊರಗಿತ್ತು ಅಂತ ನನ್ನ ಅನಿಸಿಕೆ. ಮೇಜಿನ ಮೇಲೆ ಇನ್ನೂ ಯಾವ ಒಪ್ಪಂದವೂ ಇರಲಿಲ್ಲ. ಹೌದು ಅಥವಾ ಇಲ್ಲ ಎನ್ನುವ ಪ್ರಶ್ನೆಯೇ ಹುಟ್ಟಿರಲಿಲ್ಲ. ಇನ್ನೊಂದು, ಸ್ಪಷ್ಟವಾಗಿ ಮಾತಾಡುವ ಪ್ರತಿಸ್ಪರ್ಧಿಗಳು ಬಲವಾಗಿರಲಿಲ್ಲ. 'ಹೋಗೋಣ' ಎನ್ನುವ ಯುಕಿಪ್ ಪಕ್ಷ ಶೇ 12.6ರಿಂದ 1.8ಕ್ಕೆ ಕುಸಿದಿತ್ತು. 'ಇರೋಣ' ಎನ್ನುವ ಲಿಬರಲ್ ಡೆಮಾಕ್ರಾಟರು ಶೇ 7ರ ಆಸುಪಾಸಿನಲ್ಲೇ ಇದ್ದರು. ಮುನಿದವರಿಗೆ ಹೋಗಲು ಬೇರೆ ಮನೆ ಇರಲಿಲ್ಲ.

ಹೌದೋ ಇಲ್ಲವೋ ಹೇಳಿ

ಲೇಬರ್ ನಿಜವಾಗಿ ತಪ್ಪಿದ್ದು ಈ ಚುನಾವಣೆಯ ನಂತರದ ತಿಂಗಳುಗಳಲ್ಲಿ. ಕಾರ್ಬಿನ್ ಮಾತಿಗೆ ಆಗ ತೂಕ ಬಂದಿತ್ತು. 'ಹೊರಗೆ ಹೋಗುತ್ತೇವೆ, ಆದರೆ ಕಸ್ಟಮ್ಸ್ ಯೂನಿಯನ್ ಒಳಗಿದ್ದು' ಎಂದು ಅಂದೇ ಗಟ್ಟಿಯಾಗಿ ಹೇಳಿ ಎರಡು ವರ್ಷ ಅದನ್ನೇ ಮಾರಿದ್ದರೆ ಎರಡೂ ಕಡೆಯವರು ಗೊಣಗುತ್ತಾ ಒಪ್ಪುತ್ತಿದ್ದರೇನೋ. ಅದನ್ನು ಹೇಳಿದ್ದು 2018ರ ಫೆಬ್ರವರಿಯಲ್ಲಿ, ಕೊವೆಂಟ್ರಿಯ ಭಾಷಣದಲ್ಲಿ. ಹೇಳಿದ ಮೇಲೂ ಅದಕ್ಕಾಗಿ ಬೀದಿಗಿಳಿಯಲಿಲ್ಲ. ಆ ಹೊತ್ತಿಗೆ 'ಇರೋಣ' ಎನ್ನುವವರು ಇನ್ನೊಂದು ಜನಮತಗಣನೆಯೇ ಬೇಕು ಎಂದು ಲಂಡನ್ನಿನ ರಸ್ತೆ ತುಂಬತೊಡಗಿದ್ದರು. ಅರ್ಧ ದಾರಿಯ ಮಾತು ಅವರಿಗೆ ಸಾಲದು.

ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ಪಕ್ಷ ಸಮ್ಮೇಳನ ಒಂದು ನಿರ್ಣಯ ಒಪ್ಪಿತು. ಮೊದಲು ಚುನಾವಣೆ ಕೇಳುತ್ತೇವೆ. ಅದು ಸಿಗದಿದ್ದರೆ ಎಲ್ಲ ಆಯ್ಕೆಗಳೂ ಮೇಜಿನ ಮೇಲಿರುತ್ತವೆ, ಜನರ ಮತವೂ ಅದರಲ್ಲಿ ಒಂದು. ಒಂದೊಂದು ಪದವನ್ನೂ ತೂಗಿ ಬರೆದದ್ದು. ಆದರೆ ಸ್ಟಾರ್ಮರ್ ವೇದಿಕೆಯಿಂದ, ಬರೆದ ಭಾಷಣದಲ್ಲಿ ಇಲ್ಲದ ಒಂದು ಮಾತು ಸೇರಿಸಿದರು. ಒಳಗೇ ಉಳಿಯುವ ಆಯ್ಕೆಯನ್ನೂ ಯಾರೂ ತಳ್ಳಿಹಾಕುತ್ತಿಲ್ಲ ಎಂದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಉತ್ತರ ಇಂಗ್ಲೆಂಡಿನ ಸಂಸದರು ಬೆವರಿದರು.

2019ರ ಜನವರಿ 15ರಂದು ಮೇ ಅವರ ಒಪ್ಪಂದ ಸದನಕ್ಕೆ ಬಂತು. 432 ವಿರುದ್ಧ, 202 ಪರ. ಸರ್ಕಾರಕ್ಕೆ ಇಷ್ಟು ದೊಡ್ಡ ಸೋಲು ಬ್ರಿಟನ್ನಿನ ಈಚಿನ ಇತಿಹಾಸದಲ್ಲೇ ಇಲ್ಲ. ಮರುದಿನ ಕಾರ್ಬಿನ್ ಅವಿಶ್ವಾಸ ನಿರ್ಣಯ ತಂದರು. ಒಪ್ಪಂದವನ್ನು ಹರಿದು ಹಾಕಿದ್ದ ಕನ್ಸರ್ವೇಟಿವರೇ ಈಗ ಒಟ್ಟಾಗಿ ಸರ್ಕಾರ ಉಳಿಸಿದರು, 325ಕ್ಕೆ 306. ಲೇಬರ್‌ನ ಮೂಲ ಎಣಿಕೆ ಇಲ್ಲಿಗೆ ಮುಗಿಯಿತು. ಸರ್ಕಾರ ಒಡೆದಿತ್ತು, ಬೀಳಲಿಲ್ಲ. ಚುನಾವಣೆ ಸಿಗಲಿಲ್ಲ. ಹಾಗಾದರೆ ಮುಂದೇನು ಎಂದು ಎಲ್ಲರೂ ಲೇಬರ್ ಕಡೆ ತಿರುಗಿದರು.

ಫೆಬ್ರವರಿ ಒಂದೇ ತಿಂಗಳಲ್ಲಿ ಏನೇನಾಯಿತು ನೋಡಿ. ಆರಂಭದಲ್ಲಿ ಕಾರ್ಬಿನ್ ಐದು ಷರತ್ತುಗಳ ಪತ್ರ ಬರೆದು, ಇವನ್ನು ಒಪ್ಪಿದರೆ ಬ್ರೆಕ್ಸಿಟ್‌ಗೆ ಬೆಂಬಲ ಎಂದು ಮೇ ಅವರಿಗೆ ಸೂಚಿಸಿದರು. 18ರಂದು ಏಳು ಸಂಸದರು ಪಕ್ಷ ಬಿಟ್ಟರು. ಪಕ್ಷದೊಳಗಿನ ಯಹೂದಿ ದ್ವೇಷ ಒಂದು ಕಾರಣ, ಬ್ರೆಕ್ಸಿಟ್ ಇನ್ನೊಂದು. 25ರಂದು ಲೇಬರ್ ಇನ್ನೊಂದು ಜನಮತಗಣನೆಗೆ ಬೆಂಬಲ ಘೋಷಿಸಿತು. ಮಾರ್ಚ್ 14ರಂದು ಅದೇ ಬೇಡಿಕೆಯ ತಿದ್ದುಪಡಿ ಸದನಕ್ಕೆ ಬಂದಾಗ, ಇದು ಸರಿಯಾದ ಸಮಯವಲ್ಲ ಎಂದು ತನ್ನ ಸಂಸದರಿಗೆ ಮತ ಹಾಕಬೇಡಿ ಎಂದಿತು!

ಆ ವಸಂತದಲ್ಲಿ ಸದನ ತಾನೇ ದಾರಿ ಹುಡುಕಲು ಹಲವು ಆಯ್ಕೆಗಳಿಗೆ ಒಂದೊಂದಾಗಿ ಮತ ಹಾಕಿತು. ಏಪ್ರಿಲ್ 1ರಂದು ಕಸ್ಟಮ್ಸ್ ಯೂನಿಯನ್ ಪ್ರಸ್ತಾವ ಬಿದ್ದದ್ದು 273ಕ್ಕೆ 276, ಮೂರೇ ಮತ. ಇನ್ನೊಂದು ಜನಮತಗಣನೆ ಬಿದ್ದದ್ದು 280ಕ್ಕೆ 292. 'ಇರೋಣ' ಎಂದು ಗಟ್ಟಿಯಾಗಿ ನಿಂತಿದ್ದ ಕೆಲವರು ಕಸ್ಟಮ್ಸ್ ಯೂನಿಯನ್‌ಗೆ ಮತ ಹಾಕಲಿಲ್ಲ. ಉತ್ತರದ ಕೆಲವು ಲೇಬರ್ ಸಂಸದರು ಜನಮತಗಣನೆಗೆ ಮತ ಹಾಕಲಿಲ್ಲ. ಇಬ್ಬರೂ ತಮ್ಮ ಪೂರ್ತಿ ಗೆಲುವಿಗೆ ಕಾದರು, ಇಬ್ಬರಿಗೂ ಅರ್ಧವೂ ಸಿಗಲಿಲ್ಲ. ನಂತರ ತೆರೇಸಾ ಮೇ ಮತ್ತು ಕಾರ್ಬಿನ್ ತಂಡಗಳು ಆರು ವಾರ ಮಾತಾಡಿದವು. ಮೇ ಹೋದ ಮೇಲೆ ಬರುವವರು ಈ ಮಾತನ್ನು ಉಳಿಸುತ್ತಾರೆಯೇ ಎಂಬ ಲೇಬರ್‌ನ ಅನುಮಾನಕ್ಕೆ ಉತ್ತರವಿರಲಿಲ್ಲ. ಮಾತುಕತೆ ಮುರಿಯಿತು.

ಮೇ ತಿಂಗಳ 23ರ ಐರೋಪ್ಯ ಸಂಸತ್ ಚುನಾವಣೆ 2017ರ ಲೆಕ್ಕವನ್ನು ತಲೆಕೆಳಗು ಮಾಡಿತು. ಮುನಿದವರಿಗೆ ಈಗ ಹೋಗಲು ಮನೆಗಳಿದ್ದವು. ನೈಜೆಲ್ ಫರಾಜ್ ಅವರ ಹೊಸ ಬ್ರೆಕ್ಸಿಟ್ ಪಕ್ಷ ಮೊದಲು, ಲಿಬರಲ್ ಡೆಮಾಕ್ರಾಟರು ಎರಡನೆಯವರು. ಲೇಬರ್ ಸುಮಾರು ಶೇ 14 ಮತದೊಂದಿಗೆ ಮೂರನೆಯದು.

ತಟಸ್ಥ ನಾಯಕ

ಜುಲೈನಲ್ಲಿ ತೆರೇಸಾ ಮೇ ಅವರ ಜಾಗಕ್ಕೆ ಅದೇ ಪಕ್ಷದ ಬೋರಿಸ್ ಜಾನ್ಸನ್ ಪ್ರಧಾನಿಯಾದರು. ಸೆಪ್ಟೆಂಬರ್‌ನಲ್ಲಿ ಬ್ರೈಟನ್ ಸಮ್ಮೇಳನದಲ್ಲಿ ಲೇಬರ್ ಕೊನೆಯ ಸೂತ್ರ ಒಪ್ಪಿತು. ಚುನಾವಣೆ ಗೆದ್ದರೆ ಮೂರು ತಿಂಗಳಲ್ಲಿ ಹೊಸ ಒಪ್ಪಂದ. ಆರು ತಿಂಗಳೊಳಗೆ ಜನಮತಗಣನೆ, ಆ ಒಪ್ಪಂದ ಬೇಕೋ, ಒಳಗೇ ಇರಬೇಕೋ ಎಂದು. ಪಕ್ಷ ಯಾವ ಕಡೆ? ಅದನ್ನು ಆಮೇಲೆ ನೋಡೋಣ. ನವೆಂಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಕಾರ್ಬಿನ್, ಪ್ರಧಾನಿಯಾಗಿ ತಾವು ತಟಸ್ಥವಾಗಿರುವುದಾಗಿ ಹೇಳಿದರು.

ಇದಕ್ಕೆ ಹಳೆಯ ಮಾದರಿ ಇತ್ತು. 1975ರಲ್ಲಿ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಇದೇ ರೀತಿ ಎರಡು ಪಾಲಾದ ಪಕ್ಷವನ್ನು ಹಿಡಿದಿಟ್ಟಿದ್ದರು. ಷರತ್ತುಗಳನ್ನು ಮತ್ತೆ ಮಾತಾಡಿ ತಂದರು, ಜನರ ಮುಂದಿಟ್ಟರು, ಮಂತ್ರಿಗಳು ತಮಗಿಷ್ಟ ಬಂದ ಕಡೆ ಪ್ರಚಾರ ಮಾಡಲಿ ಎಂದರು. ಶೇ 67 ಜನ 'ಇರೋಣ' ಎಂದರು. ಆದರೆ ವಿಲ್ಸನ್ ಆಗಲೇ ಪ್ರಧಾನಿ, ಕೈಯಲ್ಲಿ ಒಪ್ಪಂದ ಇತ್ತು. ತಾನು ಯಾವ ಕಡೆ ಎಂದು ಅವರು ಹೇಳಿಯೂ ಇದ್ದರು. ಕಾರ್ಬಿನ್ ಬಳಿ ಇವೆರಡೂ ಇರಲಿಲ್ಲ. ಮೇಲಾಗಿ ಅವರ ನೆರಳು ಸಂಪುಟದ ಹಿರಿಯರೇ ತಾವೇ ತರಲಿರುವ ಒಪ್ಪಂದದ ವಿರುದ್ಧ ಪ್ರಚಾರ ಮಾಡುತ್ತೇವೆ ಎನ್ನುತ್ತಿದ್ದರು. ಇದನ್ನು ಮನೆಬಾಗಿಲಲ್ಲಿ ನಿಂತು ಮತದಾರರಿಗೆ ವಿವರಿಸುವ ಕಾರ್ಯಕರ್ತರ ಪಾಡು ಊಹಿಸಿ. ಎದುರಿಗೆ ಜಾನ್ಸನ್ ಅವರ ಘೋಷಣೆ, ಬ್ರೆಕ್ಸಿಟ್ ಮುಗಿಸೋಣ. ಅಷ್ಟೇ.

ಡಿಸೆಂಬರ್‌ನಲ್ಲಿ ಚುನಾವಣೆ ಬಂತು. ಹಿಂದಿನ ಸಲ ಕನ್ಸರ್ವೇಟಿವರು ಗೆದ್ದಿದ್ದ 317 ಕ್ಷೇತ್ರಗಳಲ್ಲಿ ಫರಾಜ್ ತಮ್ಮ ಅಭ್ಯರ್ಥಿಗಳನ್ನು ಹಿಂತೆಗೆದರು. 'ಹೋಗೋಣ' ಮತಗಳು ಒಟ್ಟಾದವು. 'ಇರೋಣ' ಮತಗಳು ಲೇಬರ್, ಲಿಬರಲ್ ಡೆಮಾಕ್ರಾಟ್, ಗ್ರೀನ್, ಸ್ಕಾಟ್ಲೆಂಡ್‌ನಲ್ಲಿ ಅಲ್ಲಿನ ಪ್ರಾದೇಶಿಕ ಪಕ್ಷ ಎಸ್‌ಎನ್‌ಪಿ ನಡುವೆ ಹಂಚಿಹೋದವು. ಡಿಸೆಂಬರ್ 12ರ ಫಲಿತಾಂಶ: ಕನ್ಸರ್ವೇಟಿವ್ 365, ಲೇಬರ್ 202. 1935ರ ನಂತರ ಲೇಬರ್‌ಗೆ ಇಷ್ಟು ಕಡಿಮೆ ಸೀಟು ಬಂದಿರಲಿಲ್ಲ. ಲೇಬರ್‌ನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರ ಹಳೆಯ ಕ್ಷೇತ್ರ ಸೆಡ್ಜ್‌ಫೀಲ್ಡ್ ಹೋಯಿತು. 1970ರಿಂದ ಡೆನಿಸ್ ಸ್ಕಿನ್ನರ್ ಗೆಲ್ಲುತ್ತಿದ್ದ ಬೋಲ್ಸೋವರ್ ಹೋಯಿತು. ಕನ್ಸರ್ವೇಟಿವರಿಗೆ ಸೋತ ಸೀಟುಗಳಲ್ಲಿ ಬಹುತೇಕ ಎಲ್ಲವೂ 2016ರಲ್ಲಿ 'ಹೋಗೋಣ' ಎಂದ ಕ್ಷೇತ್ರಗಳೇ. ಇದಕ್ಕೆಲ್ಲ ಬ್ರೆಕ್ಸಿಟ್ ಒಂದೇ ಕಾರಣ ಅನ್ನಲಾಗದು. ಕಾರ್ಬಿನ್ ಬಗ್ಗೆ ಜನರಿಗಿದ್ದ ಅಪನಂಬಿಕೆ ದೊಡ್ಡದಿತ್ತು. ಆ ಊರುಗಳಲ್ಲಿ ಲೇಬರ್ ಮತ ಹಲವು ಚುನಾವಣೆಗಳಿಂದ ಕರಗುತ್ತಲೇ ಬಂದಿತ್ತು. ಆದರೆ ನಾಯಕನ ಮೇಲಿನ ಅಪನಂಬಿಕೆ ಹೆಚ್ಚಿದ್ದರಲ್ಲೂ ಈ 'ಆಮೇಲೆ ನೋಡೋಣ' ಉತ್ತರದ ಪಾಲಿದೆ.

ಕಾರ್ಬಿನ್ ನಂತರ ನಾಯಕರಾದವರು ಸ್ಟಾರ್ಮರ್. ಇನ್ನೊಂದು ಜನಮತಗಣನೆಗೆ ಪಕ್ಷವನ್ನು ಎಳೆದು ತಂದವರೇ 2020ರ ಡಿಸೆಂಬರ್ 30ರಂದು ಬ್ರಿಟನ್ ಹೊರಬಂದ ಮೇಲೆ ಜಾನ್ಸನ್ ಒಕ್ಕೂಟದ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದಕ್ಕೆ ಮತ ಹಾಕಿ ಎಂದು ವಿಪ್ ಕೊಟ್ಟರು. 2022ರಲ್ಲಿ ಸಿಂಗಲ್ ಮಾರ್ಕೆಟ್, ಕಸ್ಟಮ್ಸ್ ಯೂನಿಯನ್, ಮುಕ್ತ ಸಂಚಾರ ಮೂರೂ ಇಲ್ಲ ಎಂದು ಗೆರೆ ಎಳೆದರು. ಆಮೇಲೆ ಆ ವಿಷಯವನ್ನೇ ಆದಷ್ಟು ಎತ್ತಲಿಲ್ಲ. 2024ರಲ್ಲಿ ಲೇಬರ್ 411 ಸೀಟು ಗೆದ್ದಿತು. ಮತ ಎಷ್ಟು ಗೊತ್ತೇ? ಶೇ 33.7. ಕಾರ್ಬಿನ್ 2017ರಲ್ಲಿ ಪಡೆದದ್ದಕ್ಕಿಂತ ಆರು ಅಂಶ ಕಡಿಮೆ. ಈ ಬಾರಿ ಒಡೆದದ್ದು ಎದುರಾಳಿಗಳ ಮತ.

2025ರ ಮೇ ತಿಂಗಳಲ್ಲಿ ಸ್ಟಾರ್ಮರ್ ಸರ್ಕಾರ ಐರೋಪ್ಯ ಒಕ್ಕೂಟದ ಜೊತೆ ಸಂಬಂಧ ಸುಧಾರಿಸುವ ಒಪ್ಪಂದಕ್ಕೆ ಬಂತು. ಆಹಾರ ಪದಾರ್ಥಗಳ ತಪಾಸಣೆ ಕಡಿಮೆ ಮಾಡುವುದು, 2038ರವರೆಗೆ ಬ್ರಿಟನ್ನಿನ ನೀರಿನಲ್ಲಿ ಒಕ್ಕೂಟದ ಮೀನುಗಾರರಿಗೆ ಅವಕಾಶ, ಇಂಥವು. ಆದರೆ ಕಸ್ಟಮ್ಸ್ ಯೂನಿಯನ್‌ನ ಗೆರೆ ದಾಟಲಿಲ್ಲ. 2024ರಲ್ಲಿ ಫರಾಜ್ ಅವರ ಈಗಿನ ಪಕ್ಷ ರಿಫಾರ್ಮ್ ಯುಕೆ 98 ಕ್ಷೇತ್ರಗಳಲ್ಲಿ ಎರಡನೇ ಸ್ಥಾನ ಪಡೆದಿತ್ತು. ಅದರಲ್ಲಿ 89 ಲೇಬರ್ ಗೆದ್ದ ಕ್ಷೇತ್ರಗಳು.